ಗೇಟಿನ ಪಕ್ಕದ ಗರಿಹುಲ್ಲು

ನಮ್ಮ ತಲಾಸ್ ಕಣಿವೆಯಲ್ಲಿ ಬೀನ್ಸ್ ಬೆಳೆಯದ ಮನೆ ಹುಡುಕಲು ಹೊರಟರೆ ಕಾಲು ನೋವಷ್ಟೇ ಲಾಭ. ಹೊಲದಲ್ಲಿ ಬೀನ್ಸ್, ಹಿತ್ತಲಲ್ಲಿ ಬೀನ್ಸ್, ಹೆಣ್ಣು ಕೇಳಲು ಬಂದವರ ಬಾಯಲ್ಲೂ ಮೊದಲ ಅರ್ಧ ಗಂಟೆ ಬೀನ್ಸಿನದೇ ಮಾತು. ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಬಂದ ದಿನದಿಂದಲೂ ನನ್ನ ಕಣ್ಣು ಗೇಟಿನ ಪಕ್ಕದ ಜಾಗದ ಮೇಲೆ. ದಿನವಿಡೀ ಬಿಸಿಲು, ಕಾಲುವೆಗೆ ಹತ್ತೇ ಹೆಜ್ಜೆ. ಅಂಥ ಜಾಗಕ್ಕೆ ನನ್ನ ಅತ್ತೆ, ನಾವೆಲ್ಲ ಅಪಾ ಎಂದು ಕರೆಯುವವರು, ಜಲ್ಲಿಕಲ್ಲು ಸುರಿದು ಹುಲ್ಲು ಬೆಳೆಸಿದ್ದರು.

ಹೌದು, ಹುಲ್ಲು. ಮೂರು ಬುಡ ಗರಿಹುಲ್ಲು. ಜೂನ್ ಬಂದರೆ ಮುದುಕಿಯ ಕೂದಲಿನಂಥ ಬಿಳಿ ಗರಿ ಬಿಡುತ್ತಿತ್ತು, ಗಾಳಿಗೆ ಓಲಾಡುತ್ತಿತ್ತು. ಅದರಿಂದ ಬೇರೆ ಯಾವ ಪ್ರಯೋಜನವೂ ಇರಲಿಲ್ಲ.

ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ಚೆನ್ನಾಗಿಯೇ ಗೊತ್ತಿತ್ತು. ಅಪಾ ಹುಟ್ಟಿದ ಊರು ಈಗ ಅಣೆಕಟ್ಟಿನ ನೀರಿನಡಿ ಇದೆ. ಊರು ಖಾಲಿ ಮಾಡಿಸಿದ ವಾರ ಎಲ್ಲರೂ ಬಾಗಿಲು, ತೊಲೆ, ಸೇಬಿನ ಸಸಿ ಹೊತ್ತು ತಂದರಂತೆ. ಆಗಷ್ಟೇ ಮದುವೆಯಾಗಿದ್ದ ಅಪಾ ತವರಿಗೆ ಕೊನೆಯ ಸಲ ಹೋಗಿ, ಅಮ್ಮನ ಮನೆಯ ಹಿಂದಿನ ಗುಡ್ಡದಿಂದ ಒಂದು ಬುಡ ಹುಲ್ಲು ಕಿತ್ತು ತಲೆವಸ್ತ್ರದಲ್ಲಿ ಕಟ್ಟಿಕೊಂಡು ಬಂದರು. ಊರೆಲ್ಲ ನಕ್ಕಿತಂತೆ. ಆಮೇಲೆ ಆ ಗುಡ್ಡವೂ ಮುಳುಗಿತು.

"ಅಪಾ, ಇಲ್ಲಿ ನಾಲ್ಕು ಸಾಲು ಬೀನ್ಸ್ ಹಾಕಿದ್ರೆ ಚಳಿಗಾಲ ಪೂರ್ತಿ ಸಾರಿಗಾಗತ್ತೆ" ಎಂದು ನಾನು ಪ್ರತಿ ವರ್ಷ ಶುರು ಮಾಡುತ್ತಿದ್ದೆ.

"ನಿನ್ನ ಬೀನ್ಸಾ? ಹಸುಗೂಸು ಕಣೇ ಅದು. ವಾರಕ್ಕೊಂದ್ಸಲ ನೀರು ಕುಡಿಸ್ಬೇಕು, ಗೊಬ್ಬರ ಉಣಿಸ್ಬೇಕು, ಕಳೆ ಕೀಳ್ಬೇಕು, ಇಬ್ಬನಿ ಹೆಪ್ಪುಗಟ್ಟಿದ್ರೆ ಹೊದಿಕೆ ಹೊದಿಸ್ಬೇಕು. ನನ್ನ ಹುಲ್ಲು ಯಾವತ್ತಾದ್ರೂ ನಿನ್ನ ಹತ್ರ ಏನಾದ್ರೂ ಕೇಳಿದ್ಯಾ? ಬಿಸಿಲೊಂದೇ ಇಬ್ರಿಗೂ ಬೇಕಾಗಿದ್ದು. ಮಿಕ್ಕಿದ್ದೆಲ್ಲ ಇದಕ್ಕೆ ಬೇಡ."

"ಕೇಳೋ ಬಾಯಿ ಇಲ್ಲ, ಕೊಡೋ ಕೈಯೂ ಇಲ್ಲ. ಚೆನ್ನಾಗಿದೆ ನಿಮ್ಮ ಹುಲ್ಲು!"

ಇಷ್ಟು ಜಗಳ ನಮಗೆ ತಿಂಡಿಯಿದ್ದ ಹಾಗೆ. ಆಡಿ ಮುಗಿಸಿ ಒಟ್ಟಿಗೆ ಚಹಾ ಕುಡಿಯುತ್ತಿದ್ದೆವು. ಆದರೆ ಆ ವರ್ಷ ಮೇ ತಿಂಗಳಲ್ಲಿ ಬೆಳಗಾಗುವುದರೊಳಗೆ ಹಿಮ ಬಿದ್ದು ನನ್ನ ಬೀನ್ಸ್ ಮೊಳಕೆಯೆಲ್ಲ ಕರಕಲಾಯಿತು. ಮತ್ತೆ ಬಿತ್ತಬೇಕು. ತಲೆ ಕೆಟ್ಟು ಒಳಗೆ ಬಂದೆ. ಕಿಟಕಿಯಲ್ಲಿ ನೋಡಿದರೆ ಆ ಹುಲ್ಲು ಏನೂ ಆಗದ ಹಾಗೆ ನಿಂತಿದೆ. ನನ್ನ ನಾಲಿಗೆಗೆ ಆಗ ಎಲುಬಿರಲಿಲ್ಲ.

"ನಿಮ್ಮೂರು ಮುಳುಗಿ ಐವತ್ತು ವರ್ಷ ಆಯ್ತಲ್ಲ ಅಪಾ. ಇನ್ನೂ ಎಷ್ಟು ದಿನ ಅದರ ಕಸಕ್ಕೆ ಈ ಮನೇಲಿ ಜಾಗ ಕೊಡ್ಬೇಕು?"

ಅಪಾ ಚಹಾದ ಬಟ್ಟಲು ಕೆಳಗಿಟ್ಟರು. ಎದ್ದು ಹೊರಗೆ ಹೋದರು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಎರಡು ದಿನದ ಮೇಲೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅವರು ರಾಜಧಾನಿ ಬಿಷ್ಕೆಕ್‌ಗೆ ಹೊರಟರು. ಮಗಳ ಮನೆಯಲ್ಲಿ ಬೇಸಿಗೆ ಮುಗಿಸಿಕೊಂಡು ಬರುವುದು ಮೊದಲೇ ಗೊತ್ತಾಗಿತ್ತು. ಗೇಟಿನಲ್ಲಿ ನಿಂತು, "ಜೂರಾ, ಹುಲ್ಲಿಗೆ ಏನೂ ಬೇಡ. ನೀರೂ ಬೇಡ. ಅದರ ಪಾಡಿಗೆ ಬಿಟ್ಬಿಡು" ಎಂದರು. ನನ್ನ ಮುಖ ನೋಡಲಿಲ್ಲ.

ನಮ್ಮ ಬೀದಿಯಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಜಗಳವಾದರೆ ತಪ್ಪು ಮಾಡಿದವರು ತಮ್ಮ ಸರದಿಯ ಕಾಲುವೆ ನೀರನ್ನು ಸ್ವಲ್ಪ ಹೊತ್ತು ಇನ್ನೊಬ್ಬರ ತೋಟಕ್ಕೆ ತಿರುಗಿಸುತ್ತಾರೆ. ಬೆಳಿಗ್ಗೆ ಎದ್ದು ಒದ್ದೆ ಸಾಲು ನೋಡಿದವರು ಅರ್ಥಮಾಡಿಕೊಳ್ಳುತ್ತಾರೆ. ಅಪಾಗೆ ಬೇರೆ ತೋಟ ಎಲ್ಲಿದೆ? ಮೂರು ಬುಡ ಹುಲ್ಲೇ ಅವರ ತೋಟ. ನೀರು ಬೇಡ ಎಂದಿದ್ದರು, ನಿಜ. ಆದರೆ ನಮ್ಮಲ್ಲಿ ಯಾರು ತಾನೇ ಮೊದಲ ಮಾತಿಗೆ ಬೇಕು ಅನ್ನುತ್ತಾರೆ? ಬೇಡ ಬೇಡ ಎನ್ನುವ ನೆಂಟರಿಗೂ ಮೂರು ಸಲ ಚಹಾ ಸುರಿದು ಬೆಳೆದವಳು ನಾನು.

ಜುಲೈ ಬಿಸಿಲಿಗೆ ಹುಲ್ಲಿನ ಎಲೆಗಳು ಸೂಜಿಯ ಹಾಗೆ ಸುರುಳಿ ಸುತ್ತಿಕೊಂಡವು. ಬೀನ್ಸ್ ಎಲೆ ಮುದುಡಿದರೆ ಬಾಯಾರಿಕೆ ಎಂದೇ ಅರ್ಥ. ಜಲ್ಲಿ ತೆಗೆದು ಹಾಕಿದೆ. ಬುಡಕ್ಕೆ ಎರಡು ಬುಟ್ಟಿ ಕುರಿಗೊಬ್ಬರ ಹಾಕಿ, ಬೀನ್ಸ್ ಸಾಲಿನಿಂದ ಗೇಟಿನವರೆಗೆ ಒಂದು ಕಿರುಗಾಲುವೆ ತೋಡಿದೆ. ನೀರುಗಂಟಿ ಕಾಲ್ಮಾತ್ ಗುದ್ದಲಿ ಹೆಗಲಿಗಿಟ್ಟುಕೊಂಡು ಬಂದು ನಿಂತ.

"ಎಲ್ಲಿಗೆ ತಿರುಗಿಸ್ತಿದ್ದೀಯ ತಂಗಿ? ಅದು ಗುಡ್ಡದ ಹುಲ್ಲು. ಅದಕ್ಕೆ ನೀರು ಹಾಯಿಸಿದೋರನ್ನ ನಾನಂತೂ ಕಂಡಿಲ್ಲ."

"ನನ್ನ ಸರದಿ, ನನ್ನ ನೀರು. ನೀವು ನಿಮ್ಮ ಕಾಲುವೆ ನೋಡ್ಕೊಳ್ಳಿ ಅಣ್ಣ."

"ಅತ್ತೆ ಊರಲ್ಲಿಲ್ಲ ಅಂದ್ರೆ ಸೊಸೇರಿಗೆ ಪ್ರೀತಿ ಉಕ್ಕುತ್ತಪ್ಪ" ಎಂದು ನಗುತ್ತಾ ಹೋದ.

ಹುಲ್ಲು ಎದ್ದಿತು ನೋಡಿ! ಹದಿನೈದು ದಿನಕ್ಕೆ ಕಡು ಹಸಿರು, ಮೊಣಕಾಲಿನಿಂದ ಸೊಂಟದೆತ್ತರ. ನಾದಿನಿ ಫೋನ್ ಮಾಡಿ, "ಅತ್ತಿಗೆ, ಅಪಾ ಹುಲ್ಲು ಹೇಗಿದೆ ಅಂತ ಕೇಳ್ತಿದಾರೆ" ಎಂದಳು.

"ಇಷ್ಟು ಚೆನ್ನಾಗಿ ಯಾವತ್ತೂ ಇರ್ಲಿಲ್ಲ ಅಂತ ಹೇಳು" ಎಂದೆ. ಆ ಮಾತು ಈಗಲೂ ನನ್ನ ಕಿವಿಯಲ್ಲೇ ಇದೆ.

ಆಗಸ್ಟಿನಲ್ಲಿ ಅದು ತನ್ನ ಭಾರಕ್ಕೆ ತಾನೇ ಅಡ್ಡಬಿತ್ತು. ಹಿತ್ತಲ ಬೀನ್ಸ್ ಬಳ್ಳಿಗೆ ಕೊಟ್ಟ ಹಾಗೆ ಕೋಲು ಕೊಟ್ಟು ಬಟ್ಟೆಯಿಂದ ಕಟ್ಟಿದೆ. ಬುಡ ಹಳದಿಯಾಯಿತು. ಇನ್ನಷ್ಟು ನೀರು ಬಿಟ್ಟೆ. ಅಷ್ಟರಲ್ಲಿ ಬೀನ್ಸ್ ಕೀಳುವ ಕಾಲ ಬಂತು, ಒಣಗಿಸುವುದು, ಬಡಿಯುವುದು, ಕಾಳು ಆರಿಸುವುದು, ಮೈಮೇಲೆ ಎಚ್ಚರವಿಲ್ಲ.

ಸೆಪ್ಟೆಂಬರ್ ಕೊನೆಗೆ ಅಪಾ ಬಂದರು. ಹೊಸ ಕಣ್ಣು. ಕಾರಿನಿಂದ ಇಳಿದು ದೂರದ ಹಿಮಬೆಟ್ಟ ನೋಡಿ, "ಅಲ್ಲಿನ ಬಂಡೆ ಕೂಡ ಎಣಿಸ್ಬೋದು ಕಣೇ" ಎಂದು ಮಗುವಿನ ಹಾಗೆ ನಕ್ಕರು. ಆಮೇಲೆ ಗೇಟಿನ ಕಡೆ ತಿರುಗಿದರು.

ಕೋಲು ನೋಡಿದರು, ಬಟ್ಟೆ ನೋಡಿದರು, ಕಾಲುವೆ ನೋಡಿದರು. ಕುಕ್ಕರುಗಾಲಲ್ಲಿ ಕೂತು ಒಂದು ಬುಡ ಹಿಡಿದೆಳೆದರು. ಎಳೆಯಬೇಕಾದದ್ದೂ ಇರಲಿಲ್ಲ, ಹಾಗೇ ಕೈಗೆ ಬಂತು. ಕೆಳಗೆಲ್ಲ ಕಪ್ಪಗೆ ಕೊಳೆತು ನಾರುತ್ತಿತ್ತು.

"ನೀರು ಬಿಟ್ಯಾ?"

"ಬಿಟ್ಟೆ ಅಪಾ. ನನ್ನ ಸರದಿದೇ."

ಅವರಿಗೆ ಅರ್ಥವಾಯಿತು. ಅದೇ ನನಗೆ ಸಹಿಸಲಾಗದ್ದು. ಕೋಪ ಬಂದಿದ್ದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅವರು ಕೊಳೆತ ಹುಲ್ಲನ್ನು ಮಡಿಲಲ್ಲಿಟ್ಟುಕೊಂಡು, "ಇದನ್ನೂ ನೀರೇ ತಗೊಂಡ್ತಾ" ಎಂದರು, ಬಹಳ ಮೆಲ್ಲಗೆ.

ಬದುಕಿದ ಒಂದಾದರೂ ಎಸಳು ಸಿಕ್ಕೀತೆಂದು ಮೂರೂ ಬುಡ ಬಗೆದೆ, ಸಿಗಲಿಲ್ಲ. ಬೀಜವಾದರೂ ಸಿಕ್ಕೀತೆಂದು, ಅಪಾ ಮನೆಯೊಳಗೆ ಹೂಜಿಯಲ್ಲಿ ಸಿಕ್ಕಿಸಿಡುತ್ತಿದ್ದ ಹಳೆಯ ಗರಿಗಳ ನೆನಪಾಯಿತು. ಅವನ್ನೂ ವಸಂತದ ಹಬ್ಬಕ್ಕೆ ಮನೆ ಗುಡಿಸುವಾಗ ಧೂಳು ಹಿಡಿದಿದೆ ಎಂದು ಒಲೆಗೆ ಹಾಕಿದವಳು ನಾನೇ. ರಸ್ತೆಯಾಚೆಯ ಗುಡ್ಡದಿಂದ ಬೇರೆ ತಂದುಕೊಡುತ್ತೇನೆ ಎಂದೆ.

"ಆ ಗುಡ್ಡದ್ದು ಆ ಗುಡ್ಡದ್ದೇ, ಬಿಡು" ಎಂದರು ಅಪಾ.

ಚಳಿಗಾಲ ಕಳೆಯಿತು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಗುದ್ದಲಿ ಸದ್ದು ಕೇಳಿ ಹೊರಗೆ ಬಂದೆ. ಅಪಾ ಆ ಜಾಗದಲ್ಲಿ ನಾಲ್ಕು ಸಾಲು ಎಳೆದಿದ್ದರು. ಪಕ್ಕದಲ್ಲಿ ಬಟ್ಟಲು ತುಂಬ ನನ್ನ ಬೀನ್ಸ್ ಕಾಳು. ಇಪ್ಪತ್ತೆರಡು ವರ್ಷ ಬೇಡಿದ ಜಾಗ ಕೊನೆಗೂ ನನಗೆ ಸಿಕ್ಕಿತ್ತು, ಹಾಗೆ ನೋಡಿದರೆ.

"ಬಾ ಇಲ್ಲಿ. ಎಷ್ಟು ಆಳಕ್ಕೆ ಹಾಕ್ಬೇಕು? ಮೊದಲ್ನೇ ನೀರು ಯಾವಾಗ? ಗೊಬ್ಬರ ಈಗ್ಲೇನಾ, ಆಮೇಲಾ?" ಎಂದು ಕೇಳಿದರು. "ಇದಕ್ಕೆ ಏನೇನು ಬೇಕು, ಎಲ್ಲಾ ಸರಿಯಾಗಿ ಹೇಳ್ಕೊಡು ಜೂರಾ. ನಂಗೆ ಗೊತ್ತಿಲ್ಲ."

ಎರಡು ಬೆರಳಿನಾಳ ಅಪಾ, ಎಂದು ಹೇಳಲು ಹೋದೆ. ಅವರ ಹುಲ್ಲಿನ ಬಗ್ಗೆ ಇಂಥದ್ದೊಂದು ಪ್ರಶ್ನೆಯನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಅಪಾ ಕೈಯಲ್ಲಿ ಕಾಳು ಹಿಡಿದುಕೊಂಡು ಕಾಯುತ್ತಾ ಕೂತಿದ್ದರು.