ಮುಚ್ಚಿದ ಕಿಟಕಿ

“ನಾಲ್ಕನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದವನು ನೀನು. ಕರಣೆ ಹಿಡ್ಕೊಂಡು ಗೋಡೆ ಬಳಿ, ಸಾಕು. ನಮ್ಮ ಮನೆತನಕ್ಕೆ ಪಾಠ ಹೇಳ್ಬೇಡ.”

ಹೊಸ ಮನೆಯ ಬಾಗಿಲಲ್ಲಿ, ಗಂಟುಮೂಟೆ ಹೊತ್ತ ನೆಂಟರೆಲ್ಲ ಕೇಳುವ ಹಾಗೆ ಅಕ್ಕನ ಮಾವ ಹೀಗೆಂದಾಗ ಒಂದಿಬ್ಬರು ಕಿಸಕ್ಕನೆ ನಕ್ಕರು. ಗಾರೆ ಕೆಲಸದ ತಮ್ಮನ ಕಿವಿ ಕಾದವು. ಅವನು ಕೇಳಿದ್ದು ಇಷ್ಟೇ: ಹದಿನೈದು ದಿನ ತಡೆಯಿರಿ, ಕಿಟಕಿ ತೆರೆದಿಡಿ, ಗೋಡೆ ಒಣಗಲಿ, ಸಾಮಾನನ್ನು ದಿನಕ್ಕಿಷ್ಟು ಅಂತ ನಾನೇ ಸಾಗಿಸುತ್ತೇನೆ. ಆ ಗೋಡೆಗಳನ್ನು ಬಳಿದವನೂ ಅವನೇ. ಅಂಗೈ ಒತ್ತಿದರೆ ಇನ್ನೂ ತೇವ ಹತ್ತುತ್ತಿತ್ತು.

ಆದರೆ ಆ ಮನೆತನದ್ದೊಂದು ಪದ್ಧತಿ. ಹೊಸ ಮನೆ ಹೊಕ್ಕ ಮೇಲೆ ಮೂರು ದಿನ ಕಿಟಕಿ ತೆರೆಯುವಂತಿಲ್ಲ. ತೆರೆದರೆ ಒಳಗೆ ಬಂದ ಸಿರಿ ಹೊರಗೆ ಹೋಗುತ್ತದಂತೆ. ಸಾಲದ್ದಕ್ಕೆ ಸೊಸೆಯಾದವಳು ಇದ್ದಿಲ ಅಗ್ಗಿಷ್ಟಿಕೆ ಹಿಡಿದು, ಕೋಣೆಯಿಂದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಒಬ್ಬಳೇ ಕೂತು ಗೋಡೆ ಒಣಗಿಸಬೇಕು. ಅಕ್ಕನಿಗೋ ಉಬ್ಬಸ. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಸುಯ್ಯೆನ್ನುತ್ತಿತ್ತು.

“ಇದ್ದಿಲ ವಿಷ ಕಣ್ಣಿಗೆ ಕಾಣಲ್ಲ, ಯಜಮಾನ್ರೇ. ಗಟ್ಟಿ ಆಳನ್ನೇ ಮಲಗಿಸಿಬಿಡುತ್ತೆ. ಇವಳಿಗೆ ಮೊದಲೇ ಉಸಿರು ಸಾಲಲ್ಲ.”

“ನಾನೂ ಕೂತಿದ್ದೆ, ನಮ್ಮತ್ತೆನೂ ಕೂತಿದ್ರು. ಇವಳೇನು ಬೆಣ್ಣೇಲಿ ಮಾಡಿದ ಗೊಂಬೆನಾ?” ಎಂದರು ಅಕ್ಕನ ಅತ್ತೆ.

“ನಿಮ್ಮದು ಮಣ್ಣಿನ ಗೋಡೆ, ಅಮ್ಮಾ. ಸೂರಿನ ಸಂದೀಲಿ ಗಾಳಿ ಆಡ್ತಿತ್ತು. ಇದು ಸಿಮೆಂಟು, ಗಾಜು. ಒಂದು ಸಂದಿನೂ ಬಿಡದ ಹಾಗೆ ನಾನೇ ಮುಚ್ಚಿದೀನಿ.”

“ಮೊದಲು ನಿನ್ನ ಬಾಯಿ ಮುಚ್ಚು,” ಎಂದರು ಮಾವ.

ಭಾವ ತನ್ನ ಚಪ್ಪಲಿ ನೋಡುತ್ತ ನಿಂತಿದ್ದ. ಅಕ್ಕ ತಮ್ಮನ ತೋಳು ಹಿಡಿದು, “ಮೂರೇ ದಿನ ಕಣೋ. ಸುಮ್ನಿರು. ಇವರ ಜೊತೆ ಬಾಳೋಳು ನಾನು,” ಎಂದಳು.

ಮೊದಲ ದಿನ ಸಂಜೆ ಅವನು ಹಿತ್ತಲಿಗೆ ಬಂದು ಅಕ್ಕ ಕೂತಿದ್ದ ಕೋಣೆಯ ಕಿಟಕಿಯನ್ನು ಕೊಂಚ ಎಳೆದು ತೆರೆದ. ಅಕ್ಕ ಸರಳಿಗೆ ಮುಖವಿಟ್ಟು ಗಾಳಿ ಕುಡಿದಳು. “ಹೋಗೋ, ಯಾರಾದ್ರೂ ನೋಡ್ತಾರೆ.” ಅಷ್ಟರಲ್ಲಿ ಅತ್ತೆ ನೋಡಿಬಿಟ್ಟರು. ಮರುದಿನ ಮಧ್ಯಾಹ್ನ ಅವನು ಬಂದಾಗ ಕಿಟಕಿಗೆ ಮೊಳೆ ಬಿದ್ದಿತ್ತು.

ಬಡಿದ. ಕೂಗಿದ. ಒಳಗಿನಿಂದ ಒಂದು ಕೆಮ್ಮೂ ಇಲ್ಲ. ಗಾಜು ಒಡೆದು ನೋಡಿದರೆ, ಅಕ್ಕ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದಳು, ದಣಿದು ತೂಕಡಿಸುವವಳ ಹಾಗೆ. ಕೂದಲಿಗೆ ಗೋಡೆಯ ತೇವ ಹತ್ತಿತ್ತು. ಉಸಿರಿರಲಿಲ್ಲ.

ಹೆಣವನ್ನು ಅಂಗಳಕ್ಕೆ ತಂದಾಗ ಅದೇ ನೆಂಟರು ಸೇರಿದರು. ಮಾವ ಅತ್ತರು, ಅದು ಸುಳ್ಳು ಅಳುವಲ್ಲ. ಅತ್ತು ಮುಗಿದ ಮೇಲೆ ಅವನತ್ತ ಬೆರಳು ಚಾಚಿದರು.

“ಮೊದಲ ದಿನವೇ ಕಿಟಕಿ ತೆಗೆದ ಈ ಪಾಪಿ. ಅದಕ್ಕೇ ಮನೆಲಕ್ಷ್ಮಿ ಹೊರಟುಹೋದಳು.”

ನೆಂಟರು ತಲೆಯಾಡಿಸಿದರು. ಭಾವನೂ ಆಡಿಸಿದ. ಹಿಂದಿನಿಂದ ಒಬ್ಬಾಕೆ ತನ್ನ ಬಸುರಿ ಸೊಸೆಗೆ ಪಿಸುಗುಟ್ಟಿದಳು: “ಕೇಳಿಸ್ಕೊಂಡ್ಯಾ? ನಮ್ಮ ಹೊಸ ಮನೆ ಹೊಕ್ಕಾಗ ಇಂಥ ಎಡವಟ್ಟು ಆಗಬಾರದು.”

“ಹೇಳೋ, ತೆಗೆದೆಯೋ ಇಲ್ವೋ?” ಮಾವ ಗದರಿದರು.

ತೆಗೆದದ್ದು ನಿಜ. ಅಂದೇ ಅದನ್ನು ಚೌಕಟ್ಟು ಸಮೇತ ಕಿತ್ತೆಸೆದು, ಅಕ್ಕನನ್ನು ಹೆಗಲಿಗೆ ಹಾಕಿಕೊಂಡು ಹೋಗದಿದ್ದದ್ದೂ ನಿಜ. ಅವನು ಮಾವನ ಮುಖವನ್ನು ಒಮ್ಮೆ ನೋಡಿದ. ಆಮೇಲೆ ಗುಂಪನ್ನು ಸೀಳಿಕೊಂಡು ಗೇಟು ದಾಟಿ ನಡೆದ.