ಮಾಂಬಳ್ಳಿಯಲ್ಲಿ ಮಲಗಿದ ಸೈಕಲ್ಲು

ನಮ್ಮ ಕಡೆ ಸೈಕಲ್ಲು ಇಟ್ಟವರಿಗೆಲ್ಲ ಒಂದು ಕಾಯಿಲೆ ಇದೆ. ಬೆಲ್ಲು ಫಳಫಳ ಹೊಳೆಯಬೇಕು. ಹ್ಯಾಂಡಲ್ಲಿಗೆ ಹೂವು ಬೇಕು. ಆಯುಧಪೂಜೆ ಬಂದರೆ ಕುಂಬಳಕಾಯಿ ಒಡೆಯಬೇಕು. ಆದರೆ ಚಕ್ರದಲ್ಲಿ ಒಂದು ಕಡ್ಡಿ ಮುರಿದರೆ ಮಾತ್ರ "ಅಯ್ಯೋ ಬುಡು, ಇನ್ನೂ ಬೇಕಾದಷ್ಟವ" ಅಂದುಬಿಡುತ್ತಾರೆ. ಯಳಂದೂರಿನ ರಾಮಲಿಂಗಯ್ಯನಿಗೂ ಈ ಕಾಯಿಲೆ ಇತ್ತು. ಹೋದ ವರ್ಷ ವಾಸಿಯಾಯಿತು. ಹೇಗೆ ವಾಸಿಯಾಯಿತು ಅನ್ನುವುದನ್ನೇ ಹೇಳುತ್ತೇನೆ, ಕೇಳಿ.

ರಾಮಲಿಂಗಯ್ಯ ರೇಷ್ಮೆ ಸೀರೆ ನೇಯುವವನು. ಮನೆ ಯಳಂದೂರು, ಮಗ್ಗ ಕೊಳ್ಳೇಗಾಲ. ದಿನಾ ಹೋಗುವುದು ಹತ್ತು ಮೈಲಿ, ಬರುವುದು ಹತ್ತು ಮೈಲಿ. ಎರಡು ಊರಿನ ನಡುವೆ ಸೀಮೆಯ ಗಡಿ, ಹಾಗಾಗಿ ಬೆಳಗಿನ ಮುದ್ದೆ ಮೈಸೂರು ಸೀಮೆಯಲ್ಲಿ, ಮಧ್ಯಾಹ್ನದ ಬುತ್ತಿ ಮದರಾಸು ಸೀಮೆಯಲ್ಲಿ. ಎರಡೂ ಸೀಮೆಯ ಗುಂಡಿಗಳನ್ನು ಭೇದಭಾವ ಮಾಡದೆ ಇಳಿದು ಹತ್ತುತ್ತಿತ್ತು ಅವನ ಸೈಕಲ್ಲು.

ಒಂದು ದಿನ ಹಿಂದಿನ ಚಕ್ರ ಟಣ್ ಅಂದಿತು. ಇಳಿದು ನೋಡಿದರೆ ಒಂದು ಕಡ್ಡಿ ಬುಡದಲ್ಲೇ ಮುರಿದಿದೆ. ಬೇರೆಯವರಾಗಿದ್ದರೆ ರಿಪೇರಿಗೆ ಬಿಡುತ್ತಿದ್ದರು. ಇವನು ನೇಕಾರ. ಮಗ್ಗದಲ್ಲಿ ಎಳೆ ಕಡಿದರೆ ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸಿ ಕೈ ಪಳಗಿದೆ. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಒರಗಿಸಿ, ಉಳಿಕೆ ರೇಷ್ಮೆ ಎಳೆಯಿಂದ ಒತ್ತಾಗಿ ಸುತ್ತಿ, ಗಂಟು ಹಾಕಿ, ಮೇಲೆ ಗಂಜಿ ಸವರಿದ. ಗಂಟು ಎಲ್ಲಿದೆ ಎಂದು ಹುಡುಕಿದರೂ ಸಿಗಬಾರದು, ಅಂಥ ಕೆಲಸ. ಮಗ್ಗದ ಮನೆಯವರೆಲ್ಲ ಬಂದು ನೋಡಿ ಹೊಗಳಿದರು. ಹೊಗಳಿಕೆ ಸಿಕ್ಕಮೇಲೆ ಕೇಳಬೇಕೆ, ರಾಮಲಿಂಗಯ್ಯ ಎದೆ ಉಬ್ಬಿಸಿಕೊಂಡೇ ತುಳಿದ.

ದಾರಿಯಲ್ಲಿ ಮಾಂಬಳ್ಳಿ ಸಿಗುತ್ತದೆ. ಅಲ್ಲಿ ರಸ್ತೆ ಪಕ್ಕದಲ್ಲೇ ಪುಟ್ಟಮಲ್ಲಪ್ಪನ ಸೈಕಲ್ ಶಾಪು. ರಾಮಲಿಂಗಯ್ಯನ ಗೆಳೆಯ, ಬಾಯಿ ಸ್ವಲ್ಪ ಜೋರು, ಕೆಲಸ ಚೊಕ್ಕ. ಚಕ್ರ ನೋಡಿದವನೇ ಕೂಗಿದ.

"ಲೇ ರಾಮ್ಲಿಂಗಾ, ನಿಂತ್ಕ! ಚಕ್ರ ಓಲಾಡ್ತಾ ಅದ ಕಣ್ಲಾ. ಇಳಿ, ಕಡ್ಡಿ ಆಕ್ಕೊಡ್ತೀನಿ."

"ನಲವತ್ತು ಕಡ್ಡಿಲಿ ಒಂದ್ ಮುರುದ್ರ ಮೂವತ್ತೊಂಬತ್ತು ಉಳೀನಿಲ್ವಾ? ಅದ್ನೂ ನಾನ್ ಬುಟ್ಟಿಲ್ಲ, ರೇಷ್ಮಲಿ ಬಿಗ್ದಿವ್ನಿ, ನೋಡು!"

"ರೇಷ್ಮ ಗಟ್ಟಿ ಕಣಪ್ಪ, ಇಲ್ಲ ಅನ್ನಲ್ಲ. ಆದ್ರ ಮುರ್ದ ಕಡ್ಡಿ ರಿಮ್ಮ ಎಳ್ದು ಇಡ್ಕಂಡದಾ? ಮಲಗಿರೋ ಆಳ್ನ ತಕಂಡೋಗಿ ದುಡಿಯೋ ಆಳಿಗ ಕಟ್ದಂಗಾಯ್ತು. ಇವನ ಭಾರನೂ ಅವನೇ ಒರ್ಬೇಕು. ನಾಳ ಅವನೂ ಮುರೀತಾನ, ನೋಡ್ತಿರು."

"ನಿಂಗ ಯಾಪಾರ ಆಗ್ಬೇಕು, ಅದ್ಕ ಈ ಮಾತು" ಎಂದು ನಗುತ್ತಾ ರಾಮಲಿಂಗಯ್ಯ ಹೊರಟೇಬಿಟ್ಟ.

ಎಂಟು ದಿನಕ್ಕೆ ಪಕ್ಕದ ಕಡ್ಡಿಯೂ ಟಣ್ ಅಂದಿತು. ಇನ್ನೊಂದು ವಾರಕ್ಕೆ ಅದರಾಚೆಯದು. ಮೂರಕ್ಕೂ ರೇಷ್ಮೆ ಉಡುಗೊರೆ ಆಯಿತು. ಚಕ್ರ ಓಲಾಡಿ ಬ್ರೇಕಿಗೆ ಉಜ್ಜತೊಡಗಿತು. ರಾಮಲಿಂಗಯ್ಯ ಬ್ರೇಕನ್ನೇ ಸಡಿಲ ಮಾಡಿದ. ಜಾಣತನ ಜಾಸ್ತಿಯಾದರೆ ಹೀಗೇ ಆಗುವುದು.

ಅಷ್ಟರಲ್ಲಿ ಕೊಳ್ಳೇಗಾಲದಿಂದ ಸಿಹಿ ಸುದ್ದಿ ಬಂತು. ರಾಮಲಿಂಗಯ್ಯನ ಹೆಂಡತಿ ವಿಜಯಮ್ಮನಿಗೆ ಒಬ್ಬನೇ ಅಣ್ಣ, ಗೋವಿಂದಯ್ಯ. ಅವನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆಣ್ಣು ಕೂಸು ಹುಟ್ಟಿತ್ತು. ಶುಕ್ರವಾರ ಹೆಸರಿಡುವ ಶಾಸ್ತ್ರ. ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ. ವಿಜಯಮ್ಮ ಬಿಟ್ಟರೆ ಆ ಕೂಸಿಗೆ ಬೇರೆ ಸೋದರತ್ತೆಯೇ ಇಲ್ಲ. ಹತ್ತೂವರೆಗೆ ರಾಹುಕಾಲ, ಅದರೊಳಗೆ ಆಗಬೇಕು. ಆಕೆ ಬರದಿದ್ದರೆ ಪಕ್ಕದ ಮನೆ ದೇವೀರಮ್ಮನ ಕೈಲಿ ಹೇಳಿಸುವುದು ಎಂದು ಹಿರಿಯರು ಗೊತ್ತು ಮಾಡಿದ್ದರು.

"ಒಂಬತ್ ವರ್ಷ ದೇವರಿಗ ಕೈ ಮುಗುದೋಳು ನಾನು. ದೇವೀರಮ್ಮ ಯಾಕ ಯೇಳ್ಬೇಕು?" ಎಂದಳು ವಿಜಯಮ್ಮ. "ಬಸ್ಸಿಗ ಓಗವ ಕಣ್ರಿ."

"ಮನಲೇ ಸೈಕಲ್ ಮಡೀಕಂಡು ಬಸ್ಸಾ? ರಾಜಕುಮಾರಿ ತರ ಕ್ಯಾರಿಯರ್ ಮ್ಯಾಲ ಕುಂಡುಸ್ಕಂಡು ಓಯ್ತೀನಿ, ಬಾ."

ಶುಕ್ರವಾರ ಏಳೂವರೆಗೆ ಹೊರಟರು. ವಿಜಯಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಕೂಸಿಗೆ ತಾನೇ ಹೊಲಿದ ಕುಲಾವಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಗಂಡನ ಅಂಗಿ ಹಿಡಿದು ಕೂತಿದ್ದಳು. ಹಾದಿಯ ಎರಡೂ ಕಡೆ ಗದ್ದೆ ಹಸಿರಾಗಿತ್ತು. ಕೂಸು ಯಾರ ಹಾಗಿದೆ ಎಂದು ಗಂಡ ಹೆಂಡತಿ ಜಗಳ ಆಡುತ್ತಾ, ನಗುತ್ತಾ ಹೋಗುತ್ತಿದ್ದರು. ಕೊಳ್ಳೇಗಾಲದ ಬೆಳಗಿನ ಬಸ್ಸು ಧೂಳೆಬ್ಬಿಸಿಕೊಂಡು ಅವರನ್ನು ದಾಟಿ ಹೋಯಿತು. ರಾಮಲಿಂಗಯ್ಯ ಅದಕ್ಕೆ ಬೆಲ್ಲು ಹೊಡೆದು ಅಣಕಿಸಿದ.

ಮಾಂಬಳ್ಳಿ ಹತ್ತಿರ ಬಂತು. ಒಂದು ಸಣ್ಣ ಗುಂಡಿ, ಅಷ್ಟೇ. ಟಣ್, ಟಣ್, ಟಣ್! ಹಿಂದಿನ ಚಕ್ರ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿ ಫೋರ್ಕಿಗೆ ಸಿಕ್ಕಿಕೊಂಡಿತು. ಮಹಾರಾಜರು ಒಂದು ಕಡೆ, ರಾಜಕುಮಾರಿ ಇನ್ನೊಂದು ಕಡೆ, ಇಬ್ಬರೂ ಗದ್ದೆಯ ಕೆಸರಿಗೆ ಹೋಗಿ ಕೂತರು.

ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಗಂಡನ ಮೀಸೆಗೆ ಮೆತ್ತಿದ ಕೆಸರು ನೋಡಿ ವಿಜಯಮ್ಮನಿಗೆ ಮೊದಲು ನಗು ಬಂತು. ಆಮೇಲೆ ದಾಟಿಹೋದ ಬಸ್ಸಿನ ನೆನಪಾಗಿ ಅಳು ಬಂತು. ಇನ್ನೊಂದು ಬಸ್ಸು ಇರುವುದು ಮಧ್ಯಾಹ್ನಕ್ಕೆ. ರಾಮಲಿಂಗಯ್ಯನಿಗೆ ನಿಜವಾಗಿಯೂ ನಾಚಿಕೆಯಾಯಿತು, ಭಯವೂ ಆಯಿತು. ಸೈಕಲ್ಲಿನ ಹಿಂಭಾಗ ಎತ್ತಿಕೊಂಡು ಇಬ್ಬರೂ ಪುಟ್ಟಮಲ್ಲಪ್ಪನ ಶಾಪಿಗೆ ನಡೆದರು. ಅಲ್ಲಿ ಗಡಿಯಾರದಲ್ಲಿ ಎಂಟೂವರೆ ಆಗಿತ್ತು.

"ಬಂದ್ಯಾ?" ಎಂದ ಪುಟ್ಟಮಲ್ಲಪ್ಪ. ಬೈಯಬೇಕೆಂದು ಬಾಯಿ ತೆರೆದವನು ವಿಜಯಮ್ಮನ ಮುಖ ನೋಡಿ ಮುಚ್ಚಿಕೊಂಡ.

"ಮಲ್ಲಪ್ಪಾ, ಬೈಯೋದು ಆಮೇಲ ಬೈಯಿ. ಎಂಗಾರ ತಂತಿ ಗಿಂತಿ ಸುತ್ತಿ ಬಿಗಿಯಾಗಿ ಕಟ್ಬುಡು. ಕೊಳ್ಳೇಗಾಲ ಸೇರುದ್ರ ಸಾಕು" ಎಂದ ರಾಮಲಿಂಗಯ್ಯ.

ಆಗ ವಿಜಯಮ್ಮ ಗಂಡನ ಕಡೆ ತಿರುಗಿದಳು. "ಇನ್ನೂ ಕಟ್ಟೋ ಮಾತ್ನೇ ಆಡ್ತಿದ್ದಿರಲ್ಲ! ಮಗ್ಗದ ಹಾಸಲಿ ಆರ್ ಎಳ ಕಡ್ದೋಗಿ ಜೋತಾಡ್ತಿದ್ರ ನೀವು ಸೀರ ನೇಯ್ದೀರಾ?"

"ಅದೆಂಗಾದ್ದು? ಎಲ್ಲ ಎಳನೂ ಒಂದೇ ಬಿಗಿ ಇರ್ಬೇಕು. ಇಲ್ದಿದ್ರ ಬಟ್ಟ ಸುಕ್ಕಾಯ್ತದ, ಪಕ್ಕದ ಎಳನೂ ಕಡೀತದ…"

ಹೇಳುತ್ತಾ ಹೇಳುತ್ತಾ ರಾಮಲಿಂಗಯ್ಯನ ದನಿ ಇಳಿಯಿತು. ಚಕ್ರ ನೋಡಿದ. ಮೂವತ್ತು ವರ್ಷ ಮಗ್ಗದ ಮುಂದೆ ಕೂತವನಿಗೆ ಆವತ್ತು ಚಕ್ರವೂ ಒಂದು ಹಾಸು ಎಂದು ಅರ್ಥವಾಯಿತು.

"ಆರು ಕಡ್ಡಿನೂ ಒಸದೇ ಆಕು ಮಲ್ಲಪ್ಪ. ತಪ್ಪು ನಂದೇ" ಎಂದ.

ಪುಟ್ಟಮಲ್ಲಪ್ಪ ಚಕ್ರ ಬಿಚ್ಚಿ, ಟೈರು ಟ್ಯೂಬು ತೆಗೆದ. ಸೊಟ್ಟಗಾದ ಜಾಗವನ್ನು ಮರದ ಕೊರಡಿನ ಮೇಲಿಟ್ಟು ಕಾಲಲ್ಲಿ ಮೆಲ್ಲಗೆ ಒತ್ತಿ ನೆಟ್ಟಗೆ ಮಾಡಿದ. ಹಳೇ ಕಡ್ಡಿಗೆ ಹೊಸ ಕಡ್ಡಿಯ ಉದ್ದ ಅಳೆದು ನೋಡಿದ. "ಗಿಡ್ಡ ಆದ್ರ ಇಡ್ಕಳಲ್ಲ, ಉದ್ದ ಆದ್ರ ತುದಿ ಒಳಗ ಬಂದು ಟ್ಯೂಬ ಚುಚ್ತದ ತಾಯಿ" ಎಂದು ವಿಜಯಮ್ಮನಿಗೆ ತೋರಿಸಿದ. ಆರು ಕಡ್ಡಿ ಕೂತವು. ಆಮೇಲೆ ಚಕ್ರವನ್ನು ಫೋರ್ಕಿಗೆ ಸಿಕ್ಕಿಸಿ ತಿರುಗಿಸುತ್ತಾ, ರಿಮ್ಮಿನ ಪಕ್ಕ ಒಂದು ಸೀಮೆಸುಣ್ಣ ಹಿಡಿದ. ಎಲ್ಲಿ ರಿಮ್ಮು ವಾಲಿದೆಯೋ ಅಲ್ಲಿ ಬಿಳಿ ಗೀರು ಬಿತ್ತು.

"ಈಗ ಬೆಂಡು ತಗೀಬೇಕು. ರಿಮ್ಮು ಬಲಕ್ಕ ವಾಲುದ್ರ ಎಡಗಡ ಕಡ್ಡಿ ಬಿಗಿ ಮಾಡದು. ಒಂದ್ಸಲಕ್ಕ ಅರ್ಧ ಸುತ್ತು, ಜಾಸ್ತಿ ಇಲ್ಲ. ನಲವತ್ತನೂ ನೋಡ್ಬೇಕು, ಟೇಮಾಯ್ತದ."

"ನಾನ್ ನೋಡ್ತೀನಿ ಬುಡಣ್ಣ" ಎಂದು ವಿಜಯಮ್ಮ ಮುಂದೆ ಬಂದು ಕೂತಳು. ಗಂಡನ ಮಗ್ಗಕ್ಕೆ ಹಾಸು ಹೂಡುವ ಕೈ ಅದು. ಒಂದೊಂದು ಕಡ್ಡಿಯನ್ನೂ ಬೆರಳಲ್ಲಿ ಮೀಟಿದಳು. ಬಿಗಿ ಇದ್ದದ್ದು ಟಿಣ್ ಅಂದಿತು, ಸಡಿಲ ಇದ್ದದ್ದು ಡಬ್ ಅಂದಿತು. "ಇದು ಸಡಿಲ. ಇದು ಸರಿ. ಇದು ಸಡಿಲ." ಆಕೆ ಹೇಳಿದ ಕಡ್ಡಿಗೆ ಪುಟ್ಟಮಲ್ಲಪ್ಪ ಕಡ್ಡಿ ಬಿಗಿಯುವ ಕೀಲಿ ಹಾಕಿ ತಿರುಗಿಸಿದ. ಅರ್ಧ ಕೆಲಸ ಆಗುವಷ್ಟರಲ್ಲಿ ಅವನೇ ನಿಲ್ಲಿಸಿ ಕೈ ಮುಗಿದ. "ಇಪ್ಪತ್ ವರ್ಷದಿಂದ ಶಾಪ್ ಮಡೀಕಂಡಿವ್ನಿ, ಇಂಥ ಕಿವಿ ನಂಗಿಲ್ಲ ತಾಯಿ!"

ರಾಮಲಿಂಗಯ್ಯ ಟ್ಯೂಬಿಗೆ ಗಾಳಿ ಹೊಡೆದ. ಅವತ್ತು ಅವನ ಪಾಲಿಗೆ ಬಂದ ಕೆಲಸ ಅದೊಂದೇ. ಒಂಬತ್ತೂಕಾಲಿಗೆ ಸೈಕಲ್ಲು ಎದ್ದು ನಿಂತಿತು. ಬ್ರೇಕನ್ನೂ ಪುಟ್ಟಮಲ್ಲಪ್ಪ ಸರಿ ಮಾಡಿ, "ಗುಂಡಿ ಬಂದ್ರ ತಂಗಿನ ಇಳುಸ್ಬುಟ್ಟು ದಾಟು. ಇನ್ ನಾಕ್ ದಿನ ಬುಟ್ಟು ತಕಂಡ್ ಬಾ, ಒಸ ಕಡ್ಡಿ ಸಡಿಲ ಆಯ್ತದ, ಇನ್ನೊಂದ್ಸಲ ಬಿಗೀಬೇಕು" ಎಂದು ಹೇಳಿ ಕಳಿಸಿದ. ಈ ಸಲ ರಾಮಲಿಂಗಯ್ಯ "ಆಗ್ಲಿ" ಅಂದ.

ಕೊಳ್ಳೇಗಾಲದ ಮನೆಯಲ್ಲಿ ತೊಟ್ಟಿಲ ಸುತ್ತ ಹೆಂಗಸರು ಸೇರಿದ್ದರು. ಗೋವಿಂದಯ್ಯ ಬಾಗಿಲಿಗೂ ಬೀದಿಗೂ ಓಡಾಡಿ ಸುಸ್ತಾಗಿದ್ದ. ಹತ್ತು ಗಂಟೆ ದಾಟಿತ್ತು. ಹಿರಿಯರು ದೇವೀರಮ್ಮನನ್ನು ಕರೆದು ಕೂಸನ್ನು ಆಕೆಯ ಕೈಗೆ ಕೊಟ್ಟರು. ಆಕೆ ಕೂಸಿನ ಕಿವಿಗೆ ಬಗ್ಗುವ ಹೊತ್ತಿಗೆ ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿಸಿತು, ಒಂದು ಸಲವಲ್ಲ, ನಿಲ್ಲದೆ ಕೇಳಿಸಿತು.

"ಅತ್ತ ಬಂದ್ಲು! ಸೋದರತ್ತ ಬಂದ್ಲು!" ಎಂದು ಗೋವಿಂದಯ್ಯ ಮಗುವಿನ ಹಾಗೆ ಕುಣಿದ.

"ಬಾರವ್ವ, ಕೈ ನೋಯ್ತದ, ತಕ್ಕ ನಿನ್ ಕೂಸ" ಎಂದಳು ದೇವೀರಮ್ಮ. ಅವಳಿಗೂ ಕಣ್ಣು ತುಂಬಿತ್ತು.

ವಿಜಯಮ್ಮ ಕೈಕಾಲು ತೊಳೆದು ಬಂದಳು. ಸೀರೆಯ ಅಂಚಿನಲ್ಲಿ ಮಾಂಬಳ್ಳಿಯ ಕೆಸರು ಹಾಗೇ ಇತ್ತು, ಯಾರೂ ನೋಡಲಿಲ್ಲ. ಕೂಸನ್ನು ಎದೆಗೆ ಅವಚಿಕೊಂಡು ಆ ಪುಟ್ಟ ಕಿವಿಗೆ ಬಾಯಿ ಇಟ್ಟು, "ಚೌಡೇಶ್ವರಿ, ಚೌಡೇಶ್ವರಿ, ಚೌಡೇಶ್ವರಿ" ಎಂದಳು. ಕೂಸು ಅಳು ನಿಲ್ಲಿಸಿ ಅತ್ತೆಯ ಮುಖವನ್ನೇ ನೋಡಿತು. ರಾಮಲಿಂಗಯ್ಯ ಬಾಗಿಲಲ್ಲೇ ನಿಂತು ಅತ್ತುಬಿಟ್ಟ.

ಸೈಕಲ್ಲು ತುಳಿಯುವ ಅಣ್ಣಂದಿರೇ, ಕ್ಯಾರಿಯರ್ ಮೇಲೆ ಕೂರುವ ಅಕ್ಕಂದಿರೇ, ನಿಮಗೇ ಹೇಳುತ್ತಿರುವುದು. ವಾರಕ್ಕೊಂದು ಸಲ ಚಕ್ರ ಎತ್ತಿ ತಿರುಗಿಸಿ, ಓಲಾಡುತ್ತದೆಯೇ ನೋಡಿ. ಕಡ್ಡಿಗಳನ್ನು ಬೆರಳಲ್ಲಿ ಮೀಟಿ, ಡಬ್ ಅಂದದ್ದನ್ನು ಬಿಗಿ ಮಾಡಿಸಿ. ದಾರಿಯಲ್ಲಿ ಕಡ್ಡಿ ಮುರಿದರೆ ಚೈನಿಗೆ ಸಿಗದ ಹಾಗೆ ಪಕ್ಕದ ಕಡ್ಡಿಗೆ ಸುತ್ತಿಡಿ, ತಪ್ಪಲ್ಲ. ಆದರೆ ಅದು ರಿಪೇರಿ ಶಾಪಿನವರೆಗೆ ಮಾತ್ರ. ಹಿಂದೆ ಯಾರನ್ನೂ ಕೂರಿಸಬೇಡಿ, ಮೂಟೆ ಹೇರಬೇಡಿ, ನಿಧಾನವಾಗಿ ಹೋಗಿ. ಒಂದು ಮುರಿದಾಗಲೇ ಒಂದು ಹಾಕಿಸಿ, ಆರಕ್ಕೆ ಕಾಯಬೇಡಿ. ಸರಿ, ಕೇಳಿದ್ದು ಸಾಕು. ಎದ್ದು ಹೋಗಿ ನಿಮ್ಮ ಚಕ್ರ ತಿರುಗಿಸಿ ನೋಡಿ.