ಊರಿನ ಹುಡುಗಿ

ಭವ್ಯಶ್ರೀ ಬಾಗಿಲಲ್ಲಿ ಚಪ್ಪಲಿ ಬಿಡುತ್ತ "ಎಂಚ ಉಲ್ಲರ್ ಆಂಟಿ?" ಎಂದು ಕ್ಷೇಮ ಕೇಳಿದ್ದೇ ತಡ, ಮುಮ್ತಾಝ್ ಕರಗಿ ನೀರಾದಳು. ಗಪ್ಪಾ ಎಂಬ ಹರಟೆಯ ಆ್ಯಪಿನ ಕಂಪನಿಯಿಂದ ತನಿಖೆಗೆ ಬರುವವರೆಂದರೆ ಇಂಗ್ಲಿಷ್ ಬಿಟ್ಟು ಬೇರೇನೂ ಬಾರದ ಯಾರೋ ಗಂಡಸರು ಎಂದು ಆಕೆ ಬೆಳಗ್ಗಿನಿಂದ ಹೆದರಿದ್ದಳು. ಬಂದವಳನ್ನು ನೋಡಿದರೆ ಇದೇ ಊರಿನ ದೇರೆಬೈಲಿನ ಹುಡುಗಿ, ಬಾಯಿ ತುಂಬ ತುಳು. ಫಳ್ನೀರಿನ ಆ ಫ್ಲ್ಯಾಟಿನಲ್ಲಿ ಮನೆಮಾತು ಬ್ಯಾರಿಯಾದರೂ ತುಳು ಕಿವಿಗೆ ಬಿದ್ದರೆ ಎಲ್ಲರಿಗೂ ಜೀವ ಬರುತ್ತದೆ. ಮಗ ಸುಹೈಬನ ಎದೆ ಹಗುರಾಯಿತು. ಬುದ್ಧಿವಂತನೇ ಹೌದು, ಆದರೆ ಊರವರೆಲ್ಲ ನಮ್ಮವರು ಎಂದುಕೊಳ್ಳುವ ದಡ್ಡತನ ಅವನಿಗೂ ಇತ್ತು.

ಅವನ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಕಣ್ಣು ಪೂರ್ತಿ ಹೋದಮೇಲೆ ಅಕ್ಕ ನಜ್ಲಾ ಕೋಣೆಯಿಂದ ಹೊರಬರುವುದನ್ನೇ ಬಿಟ್ಟಿದ್ದಳು. ಅವಳ ಶಾಲೆಯ ಗೆಳತಿಯರು ಮದುವೆಯಾಗಿ ದುಬೈ, ದಮ್ಮಾಮ್ ಸೇರಿದ್ದರು. ಅವರ ಹರಟೆ, ಜಗಳ, ಮಕ್ಕಳ ಸುದ್ದಿ ಎಲ್ಲವೂ ಗಪ್ಪಾದಲ್ಲಿ. ಗಪ್ಪಾದ ಸ್ವಂತ ಆ್ಯಪ್ ಕಣ್ಣು ಕಾಣದವರಿಗೆ ಏನನ್ನೂ ಓದಿ ಹೇಳುತ್ತಿರಲಿಲ್ಲ. ಕೊನೆಗೆ ಸುಹೈಬ್ ತಾನೇ ಕೂತು ‘ಕೇಳು’ ಎಂಬ ಆ್ಯಪ್ ಮಾಡಿದ. ಅದು ಗಪ್ಪಾದಲ್ಲಿ ಬಂದದ್ದನ್ನು ಗಟ್ಟಿಯಾಗಿ ಓದುತ್ತದೆ, ಹೇಳಿದ್ದನ್ನು ಬರೆಯುತ್ತದೆ. ಅಕ್ಕ ಮತ್ತೆ ನಗತೊಡಗಿದಳು. ಅವಳಂಥ ಎಷ್ಟೋ ಜನ ಅದನ್ನು ಹಾಕಿಕೊಂಡರು. ಈಗ ಕಂಪನಿ ದುಡ್ಡು ಕಟ್ಟದ ಹೊರಗಿನವರ ಆ್ಯಪುಗಳನ್ನೆಲ್ಲ ಒಂದೊಂದಾಗಿ ಮುಚ್ಚುತ್ತಿತ್ತು. ಅಂಗವಿಕಲರಿಗೆ ನೆರವಾಗುವಂಥವನ್ನು ಮಾತ್ರ ಬಂದು ನೋಡಿ, ಸರಿಯಿದ್ದರೆ ಬಿಡುತ್ತೇವೆ ಎಂದಿತ್ತು.

ಊಟದ ಮೇಜಿನಲ್ಲಿ ನಜ್ಲಾ ಫೋನು ಹಿಡಿದು ತೋರಿಸಿದಳು. ದಮ್ಮಾಮಿನ ಗೆಳತಿ ಅತ್ತೆಯನ್ನು ಬೈದದ್ದನ್ನು ಅದು ಗಂಭೀರವಾಗಿ ಓದಿತು. ಎಲ್ಲರೂ ನಕ್ಕರು. ಭವ್ಯಶ್ರೀ ಎಲ್ಲರಿಗಿಂತ ಜೋರಾಗಿ ನಕ್ಕಳು.

"ತಿನ್ನಿ ಮಗಾ, ನಾಚಿಕೆ ಬೇಡ. ಇದು ನಿಮ್ಮದೇ ಮನೆ" ಎನ್ನುತ್ತ ಮುಮ್ತಾಝ್ ಅವಳ ತಟ್ಟೆಗೆ ಮತ್ತೊಂದು ಪತ್ತಿರ್ ರೊಟ್ಟಿ ಹಾಕಿ ಕೋಳಿ ಸಾರು ಸುರಿದಳು.

"ಸಂಜೆ ಆಗುವಾಗ ಇದು ನಿಲ್ಲುದಿಲ್ವಾ ನಜ್ಲಾ? ದಿನಕ್ಕೆ ಇಷ್ಟೇ ಅಂತ ಲಿಮಿಟ್ ಉಂಟಲ್ಲ ನಮ್ಮದು" ಎಂದಳು ಭವ್ಯಶ್ರೀ, ಪತ್ತಿರ್ ಮುರಿಯುತ್ತ.

"ಮೊದಲು ನಿಲ್ತಿತ್ತು. ಈಗ ಶೋಭಿತ್ ಇದ್ದಾನಲ್ಲ! ಗಪ್ಪಾದವರಿಗೆ ದುಡ್ಡು ಕಟ್ಟಿ, ಅದರಲ್ಲಿ ಬಂದರಿನ ಮೀನಿನ ರೇಟು ಹೇಳುವ ಆ್ಯಪ್ ಅವನದ್ದೇ. ನಮ್ಮ ಕೀಯ ಲಿಮಿಟ್ ಮುಗಿದ್ರೆ ಸುಹೈಬ ಅವನ ಕೀ ಹಾಕ್ತಾನೆ. ಬಂಟರ ಹುಡುಗ, ಆದ್ರೆ ಈ ಮನೆಯ ಮಗನ ಹಾಗೆಯೇ."

ಕಂಪನಿ ಕೊಡುವ ಆ ಕೀ ಇದ್ದರೆ ಮಾತ್ರ ಹೊರಗಿನ ಆ್ಯಪಿಗೆ ಗಪ್ಪಾದೊಳಗೆ ಪ್ರವೇಶ. ಒಬ್ಬರದ್ದನ್ನು ಇನ್ನೊಬ್ಬರು ಬಳಸುವಂತಿಲ್ಲ. ಆದರೆ ಸುಹೈಬನಿಗೂ ಶೋಭಿತನಿಗೂ ಅದು ಒಬ್ಬರ ಸ್ಕೂಟರನ್ನು ಇನ್ನೊಬ್ಬರು ಒಯ್ದಷ್ಟು ಸಹಜವಾಗಿತ್ತು. ಸುಹೈಬ್ ತಲೆಯೆತ್ತಿ ನೋಡಿದ. ಭವ್ಯಶ್ರೀಯ ತುಟಿಯಲ್ಲಿ ನಗು ಹಾಗೇ ಇತ್ತು, ಕಣ್ಣಿನಲ್ಲಿ ಮಾತ್ರ ಇರಲಿಲ್ಲ. ಏನಾದರೂ ಹೇಳಿ ಅಕ್ಕನ ಮಾತು ತಿರುಗಿಸಬಹುದಿತ್ತು. ಆದರೆ ಮನೆಗೆ ಬಂದು ಉಣ್ಣುತ್ತಿರುವವಳನ್ನು ಸಂಶಯಿಸುವುದು ಹೇಗೆ ಎಂದು ಅವನು ನೀರಿನ ಜಗ್ಗನ್ನು ಅವಳತ್ತ ಸರಿಸಿದ. ನಜ್ಲಾ ಶೋಭಿತನ ಪೂರ್ತಿ ಹೆಸರನ್ನೂ ಹೇಳಿ ಮುಗಿಸಿದಳು.

"ಎಂತ ಹೆದರ್ಬೇಡಿ ಆಂಟಿ, ನಾನು ನೋಡ್ತೇನೆ" ಎಂದು ಭವ್ಯಶ್ರೀ ಮುಮ್ತಾಝಳ ಕೈ ಹಿಡಿದು ಹೋದಳು.

ಮರುದಿನವೇ ಮೇಲ್ ಬಂತು. ನಿಯಮ ಮುರಿದದ್ದಕ್ಕೆ ಎರಡೂ ಕೀ ರದ್ದು, ಮತ್ತೆಂದೂ ಕೊಡುವುದಿಲ್ಲ. ಸುಹೈಬ್ ಫೋನು ಮಾಡಿದ.

"ಮೇಡಂ, ನೀವು ನಮ್ಮ ಮನೆಯಲ್ಲಿ ಊಟ ಮಾಡಿದ್ದೀರಿ."

"ಹೌದು ಮಾರಾಯ್ರೆ, ಅದಕ್ಕೇ ಕೇಸ್ ಬೇಡ ಅಂತ ನಾನೇ ಹೇಳಿದ್ದು. ನಿಮ್ಮ ಅಕ್ಕ ಬಾಯಿ ಬಿಟ್ಟು ಹೇಳಿದ್ಮೇಲೆ ನಾನೆಂತ ಮಾಡ್ಲಿಕ್ಕಾಗ್ತದೆ? ಆಂಟಿಗೆ ಹೇಳಿ, ಪತ್ತಿರ್ ಭಾರೀ ಲಾಯ್ಕಿತ್ತು."

ಸಂಜೆ ಶೋಭಿತ್ ಬಂದ. ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತ. "ಕರೆದು ಉಣಿಸಿ ನನ್ನ ಕುತ್ತಿಗೆ ಕೊಯ್ಸಿದ್ಯಲ್ಲ ಮಾರಾಯ. ನಂಗೆ ಆ ಆ್ಯಪ್ ಬಿಟ್ರೆ ಬೇರೆ ಸಂಪಾದನೆ ಎಂತ ಉಂಟು ಹೇಳು" ಎಂದ. ಮುಮ್ತಾಝ್ ಒಳಗೆ ಕರೆಯುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ದ.

ಒಳಗೆ ನಜ್ಲಾ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. "ಸುಹೈಬಾ, ಇದು ಬೆಳಗ್ಗಿನಿಂದ ಮಾತೇ ಆಡುದಿಲ್ಲ. ಸ್ವಲ್ಪ ನೋಡು."

ಅವನು ಅವಳೆದುರಿನ ಕುರ್ಚಿಯಲ್ಲಿ ಕೂತ. ಕಂಪನಿಗೆ ಬೈಯಲಾಗದ, ಭವ್ಯಶ್ರೀಗೆ ಬೈಯಲಾಗದ ಸಿಟ್ಟೆಲ್ಲ ಕೈಗೆ ಸಿಕ್ಕವಳ ಮೇಲೆ ಬಿತ್ತು. "ನೋಡ್ಲಿಕ್ಕೆ ಎಂತದೂ ಇಲ್ಲ. ನೀನೇ ಕೊಂದದ್ದು ಅದನ್ನು. ಅವಳೆದುರು ಬಾಯಿ ಮುಚ್ಚಿ ಕೂತಿದ್ರೆ ಸಾಕಿತ್ತು. ನಿನಗೆ ಅಂತ ಮಾಡಿದ್ದನ್ನು ನೀನೇ ಹಾಳು ಮಾಡಿದೆ. ಶೋಭಿತನ ಅನ್ನವನ್ನೂ ತೆಗೆದೆ."

ನಜ್ಲಾ ಅಳಲಿಲ್ಲ. ಫೋನನ್ನು ಮಡಿಲಲ್ಲಿಟ್ಟು ಕೇಳಿದಳು: "ನಾನು ಹೇಳುವಾಗ ನೀನು ಅಲ್ಲೇ ಇದ್ದೆಯಲ್ಲ? ನನಗೆ ಅವಳ ಮುಖ ಕಾಣ್ಲಿಲ್ಲ. ನಿನಗೆ ಕಾಣ್ತಿತ್ತಲ್ಲ?"

ಸುಹೈಬ್ ಸದ್ದಾಗದಂತೆ ಎದ್ದ. ಬರಿಗಾಲಿನಲ್ಲಿ ಮೆಲ್ಲಗೆ ಹೆಜ್ಜೆಯಿಡುತ್ತ ಬಾಲ್ಕನಿಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ ನಿಂತ. ನಜ್ಲಾ ಗಲ್ಲವನ್ನು ತುಸು ಮೇಲೆತ್ತಿ, ಖಾಲಿ ಕುರ್ಚಿಗೆ ಮುಖ ಮಾಡಿ, ಅವನ ಉತ್ತರಕ್ಕಾಗಿ ಕಾಯುತ್ತಿದ್ದಳು.